ಮಳೆಗಾಲದಲ್ಲಿ ಅಕ್ವಾಪೋನಿಕ್ಸ್ ತೊಟ್ಟಿಯ ಪಿಎಚ್ ಇಳಿಯುತ್ತಿದೆ

ಪ್ರಶ್ನೆ: ಊರು ಮಡಿಕೇರಿ. 500 ಲೀಟರ್ ತೊಟ್ಟಿ, ಗೆಂಡೆ ಮೀನು, ಅದೇ ನೀರು ಹರಿಯುವ ಜಲ್ಲಿ ಹಾಸಿನಲ್ಲಿ ಪಾಲಕ್. ತುಂಬಿಸುವುದು ಮಾಡಿನ ಮಳೆನೀರು. ಈಗ ಪಿಎಚ್ 5.8, ಅಮೋನಿಯಾ 2 ಪಿಪಿಎಂ. ನೀರೆಲ್ಲ ಬದಲಿಸಬೇಕೇ?

ಉತ್ತರ 1: ಬೇಡವೇ ಬೇಡ. ಮಳೆನೀರಿನಲ್ಲಿ ಆಮ್ಲವನ್ನು ತಗ್ಗಿಸುವ ಕ್ಷಾರಾಂಶ ಇಲ್ಲವೆನ್ನುವಷ್ಟು ಕಡಿಮೆ. ಮೀನಿನ ತ್ಯಾಜ್ಯದ 1 ಗ್ರಾಂ ಅಮೋನಿಯಾ ಸಾರಜನಕವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಆಗಿಸಲು ಸುಮಾರು 7 ಗ್ರಾಂ ಕ್ಷಾರಾಂಶ ಖರ್ಚಾಗುತ್ತದೆ. ಅದು ಮುಗಿದರೆ ಪಿಎಚ್ ಕುಸಿದು ಬ್ಯಾಕ್ಟೀರಿಯಾ ಮಂಕಾಗುತ್ತವೆ, ಚಳಿಗೆ ಇನ್ನೂ ನಿಧಾನ. ಎರಡು ದಿನ ಮೇವು ನಿಲ್ಲಿಸಿ, ದಿನಕ್ಕೆ 50 ಲೀಟರ್ ಮಾತ್ರ ಬದಲಿಸಿ.

ಉತ್ತರ 2: ಜೊತೆಗೆ 1 ಕೆ.ಜಿ. ಒಡೆದ ಕಪ್ಪೆಚಿಪ್ಪನ್ನು ಬಲೆಚೀಲದಲ್ಲಿ ಹಾಕಿ, ನೀರು ಬೀಳುವಲ್ಲಿ ತೂಗುಹಾಕಿ; ನಿಧಾನ ಕರಗಿ ಕ್ಷಾರಾಂಶ ಕೊಡುತ್ತದೆ. ದಯವಿಟ್ಟು ಸುಣ್ಣ ಸುರಿಯಬೇಡಿ! ಪಿಎಚ್ ಒಮ್ಮೆಲೇ ಏರಿದರೆ ಇರುವ ಅಮೋನಿಯಾವೇ ಮೀನಿಗೆ ವಿಷ. ದಿನಕ್ಕೆ 0.2ರಷ್ಟು ಏರಲಿ, 6.8 ಸಾಕು.

ಉತ್ತರ 3: ಚಿಪ್ಪಿನ ಮೇಲೆ ಕಂದು ಲೋಳೆ ಕಟ್ಟಿದರೆ ಕರಗುವುದಿಲ್ಲ, ಆಗಾಗ ತಿಕ್ಕಿ ತೊಳೆಯಿರಿ.