ಸಂಶೋಧನೆಯ ಡೇಟಾ ಕಾಪಾಡೋದು ಹೇಗೆ? ಗ್ರಂಥಾಲಯದ ಡೇಟಾ ಕ್ಯೂರೇಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಹಾಸನ, ಚಿಕ್ಕಮಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿರುವವರಿಗೆ ಇವತ್ತು ಸಂಜೆ ವಿ.ವಿ. ಗ್ರಂಥಾಲಯದ ಕ್ಯೂರೇಟರ್ ಮೇಡಂ ಉತ್ತರ ಕೊಡುತ್ತಾರೆ. ಕೇಳಿ.

ಅರಸೀಕೆರೆ: ನಮಸ್ತೆ ಮೇಡಂ. ಥೀಸಿಸ್ ಶೋಧಗಂಗಾದಲ್ಲಿದೆ. ಡೇಟಾ ಬೇರೆ ಇಡಬೇಕಾ?

ಕ್ಯೂರೇಟರ್: ನಮಸ್ತೆ. ಇಡಬೇಕು. ಶೋಧಗಂಗಾ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ, ಅಲ್ಲಿರುವುದು ಪ್ರಬಂಧ ಮಾತ್ರ. ನಿಮ್ಮ ಎಕ್ಸೆಲ್ ಶೀಟು, ಸಂದರ್ಶನದ ಆಡಿಯೊ ಅಲ್ಲಿರುವುದಿಲ್ಲ. ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಝೆನೊಡೊ ಎಂಬ ಡೇಟಾ ಭಂಡಾರದಲ್ಲಿ ಹಾಕಿದರೆ ಡಿಒಐ, ಅಂದರೆ ನಿಮ್ಮ ಡೇಟಾಗೆ ಕಾಯಂ ಗುರುತಿನ ಸಂಖ್ಯೆ, ಸಿಗುತ್ತದೆ. 50 ಜಿಬಿವರೆಗೆ ದುಡ್ಡಿಲ್ಲ.

ಮೂಡಿಗೆರೆ: ಮೇಡಂ, ಕಾಫಿ ತೋಟದ ಹಳೇ ಮಳೆ ಪುಸ್ತಕಗಳನ್ನು ಎಕ್ಸೆಲ್‌ಗೆ ಹಾಕಿದ್ದೇನೆ. ಜುಲೈ ಮೊದಲ ವಾರದ ಮಳೆ ಜನವರಿ, ಫೆಬ್ರವರಿಯಲ್ಲಿ ಕಾಣಿಸುತ್ತಿದೆ. ಕೆಲವು ತಾರೀಖು ಎಡಕ್ಕೆ, ಕೆಲವು ಬಲಕ್ಕೆ ನಿಂತಿವೆ.

ಕ್ಯೂರೇಟರ್: ಆ ಫೈಲನ್ನು ಈಗ ಮುಟ್ಟಬೇಡಿ. ಮೊದಲು ಹಾಗೇ ಒಂದು ಪ್ರತಿ ತೆಗೆದಿಡಿ. ನಿಮ್ಮ ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದೆ, ತಿಂಗಳು ಮೊದಲು. 01-07 ಎಂದು ಹೊಡೆದರೆ ಜನವರಿ 7 ಎಂದುಕೊಳ್ಳುತ್ತದೆ. 13-07 ಎಂದರೆ ಹದಿಮೂರನೇ ತಿಂಗಳೇ ಇಲ್ಲವಲ್ಲ, ಸುಮ್ನೆ ಅಕ್ಷರವಾಗಿ ಬಿಟ್ಟುಬಿಡುತ್ತದೆ. ಎಡಕ್ಕೆ ನಿಂತವು ಅವೇ, ಅವು ಸರಿಯಾಗಿವೆ. ಬಲಕ್ಕೆ ನಿಂತವು, ಅಂದರೆ ಪ್ರತಿ ತಿಂಗಳ ಮೊದಲ 12 ದಿನ, ಅದಲುಬದಲಾಗಿವೆ. ಪುಸ್ತಕ ಎದುರಿಗಿಟ್ಟುಕೊಂಡು ತಿದ್ದಿ. ವರ್ಷ, ತಿಂಗಳು, ದಿನಕ್ಕೆ ಬೇರೆಬೇರೆ ಕಾಲಂ ಮಾಡಿ. ಹಳಬರು ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಭಾಗ) ಬರೆದಿರುತ್ತಾರೆ. ನಡುವೆ ಮಿ.ಮೀ. ಸೇರಿಕೊಂಡಿದ್ದರೆ ಲೆಕ್ಕವೇ ಕೆಡುತ್ತದೆ. 1 ಇಂಚು ಅಂದರೆ 25.4 ಮಿ.ಮೀ. ಖಾಲಿ ಬಿಟ್ಟ ಕಡೆ 0 ಹಾಕಲೇಬೇಡಿ. ಮಳೆ ಬಾರದ ದಿನ ಬೇರೆ, ಯಾರೂ ಅಳೆಯದ ದಿನ ಬೇರೆ. ಪುಟಗಳ ಫೋಟೊ ಇದೆಯಾ?

ಸಕಲೇಶಪುರ ಬೆಳೆಗಾರ: ನಮ್ಮಜ್ಜ ಬರೆದಿಟ್ಟ ಇಂಥದ್ದೇ ಪುಸ್ತಕ ಒಯ್ದವರು ಇನ್ನೂ ವಾಪಸ್ ಕೊಟ್ಟಿಲ್ಲ. ಡೇಟಾ ಯಾರದ್ದು ಹೇಳಿ?

ಹಾಸನದ ಉಪನ್ಯಾಸಕ: ಕೂತು ಟೈಪ್ ಮಾಡಿದವರದ್ದೂ ಅಲ್ವಾ?

ಸಕಲೇಶಪುರ ಬೆಳೆಗಾರ: ದಿನಾ ಬೆಳಗ್ಗೆ ಮಳೆಯಲ್ಲಿ ನೆನೆದು ಅಳೆದವರು ಯಾರು ಸ್ವಾಮಿ?

ಹಾಸನದ ಉಪನ್ಯಾಸಕ: ಬೀರುವಿನಲ್ಲೇ ಇಟ್ಟರೆ ಗೆದ್ದಲಿಗೆ ತಾನೇ ಹೋಗೋದು?

ಸಕಲೇಶಪುರ ಬೆಳೆಗಾರ: ನಮ್ಮ ಬೀರು ವಿಷಯ ನಿಮಗೆ ಬೇಡ.

ಕ್ಯೂರೇಟರ್: ಬೆಳೆಗಾರರು ಹೇಳಿದ್ದು ನ್ಯಾಯ. ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ತೋಟದವರ ಹೆಸರು ಹಾಕಲೋ ಬೇಡವೋ ಕೇಳಿ, ಪುಸ್ತಕ ಹಿಂತಿರುಗಿಸಿ.

ಬೇಲೂರು: ಶೋಧಗಂಗಾದಲ್ಲಿ ಥೀಸಿಸ್ ಇದ್ದರೆ ಸಾಕಲ್ವಾ?

ಕ್ಯೂರೇಟರ್: ಮೇಲೆ ಹೇಳಿದ್ದೇನೆ.

ಕಡೂರು: ಫಾರ್ವರ್ಡ್ ಬಂದದ್ದು: ‘ಕೆಟ್ಟ ಹಾರ್ಡ್ ಡಿಸ್ಕನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟರೆ ಡೇಟಾ ವಾಪಸ್!’

ಕ್ಯೂರೇಟರ್: ಬೇಡ. ಹೊರಗೆ ತೆಗೆದ ಕೂಡಲೇ ಡಿಸ್ಕ್ ಮೇಲೆ ನೀರು ಹನಿಗಟ್ಟುತ್ತದೆ, ಉಳಿದದ್ದೂ ಹೋಗುತ್ತದೆ. ಕಟಕಟ ಸದ್ದು ಬಂದರೆ ಕರೆಂಟ್ ತೆಗೆದು ಡೇಟಾ ರಿಕವರಿಯವರಿಗೆ ಕೊಡಿ. ಮೂರು ಪ್ರತಿ ಇಡಿ, ಎರಡು ಬಗೆಯ ಸಾಧನದಲ್ಲಿ, ಒಂದಾದರೂ ಬೇರೆ ಕಡೆ ಇರಲಿ.

ಕಡೂರು: ನಮ್ಮ ಭಾವನದ್ದು ಸರಿಹೋಗಿತ್ತು ಮೇಡಂ.

ಕ್ಯೂರೇಟರ್: ಒಬ್ಬರದ್ದು ಸರಿಹೋಯಿತು ಅಂತ ಗುಂಪಿಗೆಲ್ಲ ಕಳಿಸಬೇಡಿ. ಇಲ್ಲಿ ಜನರ ಐದಾರು ವರ್ಷದ ಕೆಲಸ ಇದೆ. ಅಳಿಸಿ ಅದನ್ನು.

ತರೀಕೆರೆ: ಗ್ರಂಥಾಲಯದಲ್ಲಿ ಹುದ್ದೆ ಖಾಲಿ ಇದೆಯಾ?

ಕೊಪ್ಪ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಉತ್ತರಗಳು ಬೇರೆ ಕಂಪ್ಯೂಟರಿನಲ್ಲಿ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ ಆಗಿವೆ.

ಕ್ಯೂರೇಟರ್: ಹಳೇ ಫಾಂಟು. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಒಂದೊಂದೂ ನೋಡಿ. ಮೂಲ ಫೈಲ್ ಇರಲಿ.

ಚನ್ನರಾಯಪಟ್ಟಣ: ಶೋಧಗಂಗಾ ಸಾಕಾ ಮೇಡಂ?

ಕ್ಯೂರೇಟರ್: ಸಾಲದು.

ಚನ್ನರಾಯಪಟ್ಟಣ: ಸ್ವಲ್ಪ ಸಮಾಧಾನದಿಂದ ಹೇಳಬಹುದಿತ್ತು.

ಕ್ಯೂರೇಟರ್: ಮೇಲಿನದ್ದು ಓದಿ ಕೇಳಬಹುದಿತ್ತು. ಮೂಡಿಗೆರೆಯವರೇ, ಫೋಟೊ?

ಮೂಡಿಗೆರೆ: ಅರ್ಧಕ್ಕೆ ಮಾತ್ರ ಇದೆ ಮೇಡಂ. ಪುಸ್ತಕ ತೋಟದವರಿಗೆ ಕೊಟ್ಟಾಯಿತು.

ಕ್ಯೂರೇಟರ್: ನಾಳೆಯೇ ಹೋಗಿ ಕೇಳಿ. ಮಿಕ್ಕ ಪುಟ ಅಲ್ಲೇ ಕೂತು ಫೋಟೊ ತೆಗೆಯಿರಿ. ಅಲ್ಲಿಯವರೆಗೆ ಒಂದು ತಾರೀಖನ್ನೂ ತಿದ್ದಬೇಡಿ.