ತೋಟದ ಆಫೀಸಿನ ಹಳೇ ಪಿಸಿಗೆ ಲಿನಕ್ಸ್ ಮಿಂಟ್: ಟ್ಯಾಲಿ, ನುಡಿ ಫೈಲ್‌ಗಳ ಗತಿ ಏನು?

ನಾಪೋಕ್ಲು_ರೈಟರ್ ಕೇಳಿದ್ದು:

ಕಾಫಿ ತೋಟದ ಆಫೀಸಿನ ಡೆಸ್ಕ್‌ಟಾಪ್. ಇಂಟೆಲ್ ಐ5 ನಾಲ್ಕನೇ ಜನರೇಶನ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಚೆಕ್‌ರೋಲ್ (ಕೂಲಿಯವರ ಹಾಜರಿ, ಸಂಬಳದ ಪಟ್ಟಿ) ಮತ್ತು ಕಾಫಿ, ಮೆಣಸಿನ ಲೆಕ್ಕ ಎಕ್ಸೆಲ್‌ನಲ್ಲಿದೆ, ಅಕೌಂಟ್ಸ್ ಟ್ಯಾಲಿಯಲ್ಲಿದೆ. ಕನ್ನಡದ ಪತ್ರ, ನೋಟಿಸುಗಳೆಲ್ಲ ಹಳೇ ನುಡಿ ಫಾಂಟಿನ ವರ್ಡ್ ಫೈಲ್‌ಗಳು, ಸಾಕಷ್ಟಿವೆ. ಪ್ರಿಂಟರ್ ಎಚ್‌ಪಿ ಲೇಸರ್‌ಜೆಟ್ 1020. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದೆ. ಹೊಸ ಪಿಸಿ ಸದ್ಯಕ್ಕಿಲ್ಲ. ವಿಂಡೋಸ್ ಬದಲು ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್ ಹಾಕಿದರೆ ಇವೆಲ್ಲ ನಡೆಯುತ್ತವೆಯೇ? ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವುದೂ ಲೆಕ್ಕದಲ್ಲಿರಲಿ.

ಗೋಣಿಕೊಪ್ಪ_ಹಾರ್ಡ್‌ವೇರ್:

ಸರ್, ಇದಕ್ಕೆ ವಿಂಡೋಸ್ 11 ಆಗುವುದಿಲ್ಲ. ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್‌ನಲ್ಲಿ ಎಂಟನೇ ಜನರೇಶನ್‌ನಿಂದ ಈಚೆಗಿನ ಪ್ರೊಸೆಸರ್ ಬೇಕು. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ, ಲೆಕ್ಕಪತ್ರದ ಪಿಸಿಗೆ ಅದು ಬೇಡ.

ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ ಸಾಫ್ಟ್‌ವೇರ್. ಹಾಗಾಗಿ ವಿಂಡೋಸ್ ಅಳಿಸಬೇಡಿ. 240 ಜಿಬಿಯ ಸಾಟಾ ಎಸ್‌ಎಸ್‌ಡಿ ಒಂದನ್ನು ಹೊಸದಾಗಿ ಸೇರಿಸಿ ಮಿಂಟನ್ನು ಅದರಲ್ಲಿ ಹಾಕಿ. ಟ್ಯಾಲಿಗೆ ಮಾತ್ರ ವಿಂಡೋಸ್. ಬ್ಯಾಂಕ್, ಮೇಲ್, ಬ್ರೌಸರ್ ಎಲ್ಲ ಮಿಂಟ್‌ನಲ್ಲಿ. ಇನ್ನೊಂದು 4 ಜಿಬಿ ರ್‍ಯಾಮ್ ಕೂಡ ಹಾಕಿಸಿ. ನಿಮ್ಮ ಬೋರ್ಡಿಗೆ ಡಿಡಿಆರ್3 ಬೇಕು, ಡಿಡಿಆರ್4 ಸ್ಲಾಟಿನಲ್ಲಿ ಕೂರುವುದೇ ಇಲ್ಲ.

ಕೆಲಸ ಹೀಗೆ ಮಾಡಿ. ಮೊದಲು ಟ್ಯಾಲಿಯ ಡೇಟಾ ಫೋಲ್ಡರ್ ಮತ್ತು ಕನ್ನಡದ ಫೈಲ್‌ಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡಿ. ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಮಿಂಟ್‌ನಿಂದ ಆ ಡಿಸ್ಕಿನ ಫೈಲ್ ಓದಬಹುದು, ಬರೆಯಲು ಬಿಡುವುದಿಲ್ಲ. ಆಮೇಲೆ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿಯ (ಹಳೇ ಪಿಸಿಗೆ ಹಗುರವಾದದ್ದು) ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡುವ ಫೈಲ್, ಇಳಿಸಿ, ಸುಮಾರು 3 ಜಿಬಿ. 22ರ ಸರಣಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. ನೆಟ್ ಮಧ್ಯೆ ಕಡಿದರೆ ಫೈಲ್ ಕೆಟ್ಟಿರುತ್ತದೆ, ಅರ್ಧ ಇನ್‌ಸ್ಟಾಲ್ ಆದ ಮೇಲೆ ಎರರ್ ಬರುತ್ತದೆ. ಆದ್ದರಿಂದ ಸೈಟಿನಲ್ಲಿ ಕೊಟ್ಟ ಎಸ್‌ಎಚ್‌ಎ256 ಮೊತ್ತದೊಂದಿಗೆ (ಫೈಲ್ ಪೂರ್ತಿ ಸರಿಯಿದೆಯೇ ಎಂದು ತೋರಿಸುವ ಸಂಕೇತ) ತಾಳೆ ನೋಡಿ, ನಂತರ ರೂಫಸ್ ಎಂಬ ಸಾಫ್ಟ್‌ವೇರ್‌ನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ.

ಇನ್‌ಸ್ಟಾಲ್ ಮಾಡುವಾಗ ಹಳೇ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಡಿ. ಇದನ್ನು ಬಿಡಲೇಬೇಡಿ. ಎರಡೂ ಡಿಸ್ಕ್ ಇದ್ದರೆ, ನೀವು ಎಸ್‌ಎಸ್‌ಡಿ ಆರಿಸಿದರೂ ಇನ್‌ಸ್ಟಾಲರ್ ತನ್ನ ಬೂಟ್‌ಲೋಡರನ್ನು (ಸಿಸ್ಟಂ ಶುರು ಮಾಡುವ ಪ್ರೋಗ್ರಾಂ) ವಿಂಡೋಸ್ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿಗೆ (ಅದನ್ನಿಡುವ ಭಾಗ) ಹಾಕುವುದುಂಟು. ನಾಳೆ ಆ ಡಿಸ್ಕ್ ಕೆಟ್ಟರೆ ಮಿಂಟೂ ಏಳುವುದಿಲ್ಲ. ಒಂದೇ ಡಿಸ್ಕ್ ಇದ್ದಾಗ ‘ಎರೇಸ್ ಡಿಸ್ಕ್’ ಕೊಡಲು ಭಯವೂ ಇಲ್ಲ. ಮುಗಿದ ಮೇಲೆ ಕೇಬಲ್ ಚುಚ್ಚಿ. ಆನ್ ಮಾಡುವಾಗ ಎಫ್12 (ಎಚ್‌ಪಿಯಾದರೆ ಎಫ್9) ಒತ್ತಿ ಯಾವುದು ಬೇಕೋ ಆರಿಸಿ.

ವಿರಾಜಪೇಟೆ_ಡಿಟಿಪಿ:

ನುಡಿಯ ವಿಷಯ ಬೇರೆಯೇ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೇ ನುಡಿ ಫೈಲಿನ ಒಳಗೆ ನಿಜವಾಗಿ ಕನ್ನಡ ಅಕ್ಷರಗಳಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳ ಸಂಕೇತಗಳಿವೆ, ಫಾಂಟ್ ಅವನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತದೆ. ಮಿಂಟ್‌ನಲ್ಲಿ ಆ ಫಾಂಟ್ ಇಲ್ಲದೆ ತೆರೆದರೆ ಪುಟ ತುಂಬ ಅರ್ಥವಿಲ್ಲದ ಚಿಹ್ನೆಗಳು. ಫೈಲ್ ಕೆಟ್ಟಿತೆಂದು ಗಾಬರಿಯಾಗಿ ಅದರ ಮೇಲೆಯೇ ಸೇವ್ ಮಾಡಬೇಡಿ. ನುಡಿಯ ಟಿಟಿಎಫ್ ಫಾಂಟುಗಳನ್ನು ಹೋಮ್ ಫೋಲ್ಡರಿನ ಫಾಂಟ್ಸ್ ಜಾಗಕ್ಕೆ ಹಾಕಿದರೆ ಲಿಬ್ರೆಆಫೀಸ್‌ನಲ್ಲಿ (ವರ್ಡ್, ಎಕ್ಸೆಲ್ ಫೈಲ್ ತೆರೆಯುವ ಉಚಿತ ಸಾಫ್ಟ್‌ವೇರ್) ಓದಲು, ಪ್ರಿಂಟ್ ತೆಗೆಯಲು ಆಗುತ್ತದೆ. ಹುಡುಕಲು, ವಾಟ್ಸಾಪಿನಲ್ಲಿ ಕಳಿಸಲು ಮಾತ್ರ ಯುನಿಕೋಡ್ (ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ) ಆಗಲೇಬೇಕು.

ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟ ಮೇಲೆ ಎರಡು ಕಡೆ ಕಣ್ಣಿಡಿ. ಮೊದಲನೆಯದು ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರವಾದ ಮೇಲೆ ಇರುತ್ತದೆ. ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಇದನ್ನು ಹಿಂದುಮುಂದು ಮಾಡಬೇಕು. ಒತ್ತಕ್ಷರವೂ ಜೊತೆಗಿದ್ದರೆ ಕೆಲವು ತಪ್ಪುತ್ತವೆ. ‘ಖರ್ಚು’, ‘ಕಾರ್ಮಿಕ’, ‘ಮಾರ್ಚ್’ ಇರುವ ಸಾಲುಗಳನ್ನು ಮೊದಲು ನೋಡಿ. ಎರಡನೆಯದು ಮಧ್ಯೆ ಇರುವ ಇಂಗ್ಲಿಷ್. ಬಿಲ್ ನಂಬರ್, ಜಿಎಸ್‌ಟಿ ನಂಬರಿನ ಅಕ್ಷರಗಳನ್ನೂ ಅದು ಕನ್ನಡವೆಂದೇ ತಿಳಿದು ಬದಲಿಸುತ್ತದೆ. ಅಂಥ ಫೈಲಿನಲ್ಲಿ ಕನ್ನಡದ ಪ್ಯಾರಾಗಳನ್ನಷ್ಟೇ ಕಾಪಿ ಮಾಡಿ ಪರಿವರ್ತಿಸಿ. ಮೂಲ ಫೈಲ್‌ಗಳನ್ನು ಅಳಿಸದೆ ಬೇರೆ ಫೋಲ್ಡರಿನಲ್ಲಿಡಿ.

ಟೈಪಿಂಗ್‌ಗೆ ಹೊಸದಾಗಿ ಕಲಿಯುವುದೇನಿಲ್ಲ. ಸಾಫ್ಟ್‌ವೇರ್ ಮ್ಯಾನೇಜರಿನಿಂದ ಕನ್ನಡ ಟೈಪಿಂಗ್‌ನ ಐಬಸ್-ಎಂ17ಎನ್ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಕೀಲಿಮಣೆ ಸೇರಿಸಿ. ನುಡಿಯಲ್ಲಿ ಕೂತ ಬೆರಳಿಗೆ ಅದೇ ವಿನ್ಯಾಸ.

ಸೋಮವಾರಪೇಟೆ_ಸರ್ವಿಸ್:

ಪ್ರಿಂಟರ್ ಬಗ್ಗೆ: 1020 ತನ್ನ ಫರ್ಮ್‌ವೇರನ್ನು (ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್) ಒಳಗೆ ಇಟ್ಟುಕೊಳ್ಳುವುದಿಲ್ಲ, ಪ್ರತಿ ಸಲ ಆನ್ ಆದಾಗ ಪಿಸಿ ಕಳಿಸಬೇಕು. ಎಚ್‌ಪಿಲಿಪ್‌ನ (ಲಿನಕ್ಸ್‌ಗೆ ಎಚ್‌ಪಿ ಪ್ರಿಂಟರ್ ಡ್ರೈವರ್) ಪ್ಲಗಿನ್ ಹಾಕದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಹಾಳೆ ಮಾತ್ರ ಹೊರಬರುವುದಿಲ್ಲ. ಪ್ಲಗಿನ್ ಇಳಿಯಲು ನೆಟ್ ಬೇಕು.

ಕಕ್ಕಡದ (ಕೊಡವರ ಆಟಿ ತಿಂಗಳು) ಮಳೆಗೆ 600 ವಿಎ ಯುಪಿಎಸ್ ಸಾಕು, ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಗುತ್ತದೆ. ಪ್ರಿಂಟರನ್ನು ಅದಕ್ಕೆ ಚುಚ್ಚಬೇಡಿ, ಲೇಸರ್‌ನ ಹೀಟರ್ ಎಳೆಯುವ ಲೋಡಿಗೆ ಯುಪಿಎಸ್ ಟ್ರಿಪ್ ಆಗುತ್ತದೆ. ಮಿಂಟ್‌ನ ಎಕ್ಸ್ಟ್4 ಫೈಲ್ ಸಿಸ್ಟಂ ಜರ್ನಲ್ (ಡಿಸ್ಕಿನ ಬದಲಾವಣೆಗಳ ದಾಖಲೆ) ಇಡುವುದರಿಂದ ಫೈಲ್ ಸಿಸ್ಟಂ ಉಳಿಯುತ್ತದೆ, ಸೇವ್ ಮಾಡದ ಚೆಕ್‌ರೋಲ್ ಉಳಿಯುವುದಿಲ್ಲ. ಲಿಬ್ರೆಆಫೀಸ್‌ನಲ್ಲಿ ಆಟೋರಿಕವರಿ 3 ನಿಮಿಷಕ್ಕೆ ಇಳಿಸಿ. ಗುಡುಗು ಶುರುವಾದರೆ ಪ್ಲಗ್ ಮಾತ್ರವಲ್ಲ, ಲ್ಯಾನ್ ಕೇಬಲನ್ನೂ ಕೀಳಿ.

ನಾಪೋಕ್ಲು_ರೈಟರ್:

ಎಲ್ಲರಿಗೂ ಧನ್ಯವಾದ. ಇನ್ನೊಂದು ಅನುಮಾನ: ಎರಡು ಸಿಸ್ಟಂ ಇಟ್ಟರೆ ಗಡಿಯಾರ ತಪ್ಪುತ್ತದೆ ಎನ್ನುತ್ತಾರೆ, ನಿಜವೇ? ಟ್ಯಾಲಿ ಎಂಟ್ರಿಗೆ ದಿನಾಂಕ ಮುಖ್ಯ.

ಗೋಣಿಕೊಪ್ಪ_ಹಾರ್ಡ್‌ವೇರ್:

ನಿಜ, ಸರಿಯಾಗಿ ಐದೂವರೆ ಗಂಟೆ. ವಿಂಡೋಸ್ ಬೋರ್ಡಿನ ಗಡಿಯಾರದಲ್ಲಿ ನಮ್ಮ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಇಡುತ್ತದೆ. ಮಿಂಟ್‌ನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯ ಸೆಟ್-ಲೋಕಲ್-ಆರ್‌ಟಿಸಿಗೆ 1 ಕೊಟ್ಟರೆ ಎರಡೂ ಒಂದಾಗುತ್ತವೆ. ಅದಾದ ಮೇಲೂ ಪ್ಲಗ್ ತೆಗೆದಿಟ್ಟು ಹಾಕಿದಾಗ ದಿನಾಂಕ ವರ್ಷಗಟ್ಟಲೆ ಹಿಂದೆ ಹೋದರೆ ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ, ಬದಲಿಸಿ. ದಿನಾಂಕ ತಪ್ಪಿದ್ದರೆ ಬ್ರೌಸರ್ ಸರ್ಟಿಫಿಕೇಟ್ ದೋಷ ತೋರಿಸುತ್ತದೆ, ಮಿಂಟ್‌ನ ಅಪ್‌ಡೇಟೂ ನಿಲ್ಲುತ್ತದೆ.