ಮೇ ತಿಂಗಳಲ್ಲಿ ಜೋಗಕ್ಕಾ? ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ: [ಫಾರ್ವರ್ಡ್ ಆದ ವಿಡಿಯೋ] ಜೋಗದಲ್ಲಿ ಇವತ್ತಿನ ನೋಟ!! ಗೇಟು ತೆಗೆದಿದ್ದಾರೆ. ತಪ್ಪದೆ ನೋಡಿ, ಎಲ್ಲರಿಗೂ ಕಳಿಸಿ 🙏

ದೊಡ್ಡಪ್ಪ: ಮಕ್ಕಳಿಗೆ ರಜೆ ಶುರುವಾಯಿತು. ಮೇ ಎರಡನೇ ವಾರ ಎರಡು ಕಾರು ಮಾಡಿಕೊಂಡು ಹೊರಟುಬಿಡೋಣ. ಬೆಳಗ್ಗೆ 4ಕ್ಕೆ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಜೋಗ. ಯಾರ್ಯಾರು ಬರುತ್ತೀರಿ ಹೇಳಿ.

ಅಣ್ಣ: ನಾನು ರೆಡಿ.

ಅಕ್ಕ: ಅಬ್ಬಾ, ಎಂಥ ನೀರು! ನಾವೂ ಬರುತ್ತೇವೆ. ಮೈಸೂರಿಂದ ಹೊರಟು ಅರಸೀಕೆರೆಯಲ್ಲಿ ನಿಮ್ಮ ಜೊತೆ ಸೇರಿಕೊಳ್ಳುತ್ತೇವೆ.

ನಾನು: ದೊಡ್ಡಪ್ಪ, ಆ ವಿಡಿಯೋ ಇನ್ನೊಂದು ಸಲ ನೋಡಿ. ಕಂಬಿ ಹಿಡಿದು ನಿಂತವರೆಲ್ಲ ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿದ್ದಾರೆ. ಒಬ್ಬರ ಕೊಡೆ ಗಾಳಿಗೆ ಮಗುಚಿಕೊಂಡಿದೆ. ನೀರೆಲ್ಲ ಕೆಂಪು. ಬಂಡೆ ಸಂದಿಯಲ್ಲೂ ಹುಲ್ಲು ಹಸಿರಾಗಿದೆ. ಏಪ್ರಿಲ್‌ನಲ್ಲಿ ಹೀಗಿರುತ್ತಾ? ಇದು ಮಳೆಗಾಲದ್ದು.

ದೊಡ್ಡಪ್ಪ: ಮೊನ್ನೆ ಮಲೆನಾಡಲ್ಲಿ ಮಳೆ ಬಂತಲ್ಲಮ್ಮಾ. ಅದಕ್ಕೇ ಬಿಟ್ಟಿರಬೇಕು.

ಚಿಕ್ಕಪ್ಪ ಸಾಗರ: ಅಣ್ಣಯ್ಯ, ಇಲ್ಲಿ ಬಂದಿದ್ದು ಒಂದು ಗುಡುಗು ಮಳೆ. ಅಂಗಳದ ಧೂಳು ಅಡಗಿತು, ಅಷ್ಟೇ. ಜೋಗದ ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ತಿ ಮಟ್ಟ 1819 ಅಡಿ. ಅದರ ಹತ್ತಿರ ಬಂದ ಮೇಲೆ ಗೇಟು ತೆಗೆಯುವುದು. ಅದೂ ಮಳೆ ಚೆನ್ನಾಗಿ ಆದ ವರ್ಷ, ಆಗಸ್ಟ್ ಹೊತ್ತಿಗೆ ಅಥವಾ ಆಮೇಲೆ. ಈಗ ಹಿನ್ನೀರೆಲ್ಲ ಇಳಿದು ಕೆಂಪು ದಡ ಕಾಣುತ್ತಿದೆ.

ದೊಡ್ಡಪ್ಪ: ಡ್ಯಾಮಿನಲ್ಲಿ ಸ್ವಲ್ಪವಾದರೂ ನೀರು ಇರುತ್ತದಲ್ಲ. ಕರೆಂಟಿಗೆ ದಿನಾ ಬಿಡುತ್ತಾರಲ್ಲ. ಆ ನೀರು ಜೋಗಕ್ಕೆ ಬರುವುದಿಲ್ಲವಾ?

ನಾನು: ಬರುವುದಿಲ್ಲ ದೊಡ್ಡಪ್ಪ. ಅದೇ ಮುಖ್ಯ ವಿಷಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿಯ ಹೆಚ್ಚಿನ ನೀರು ಕಾಲುವೆ ಹಿಡಿದು ತಳಕಳಲೆ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ದಪ್ಪ ಪೈಪುಗಳಲ್ಲಿ ಇಳಿದು ಕಣಿವೆಯ ಕೆಳಗಿನ ಶರಾವತಿ ವಿದ್ಯುದಾಗಾರ ಸೇರುತ್ತದೆ. 1035 ಮೆಗಾವಾಟ್ ಅದು. ಆ ನೀರು ಜೋಗದ ಬಂಡೆಯನ್ನು ಮುಟ್ಟುವುದೇ ಇಲ್ಲ, ಪಕ್ಕದಿಂದ ಇಳಿದುಹೋಗುತ್ತದೆ. ಮೇ ತಿಂಗಳಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ನೂಲಿನ ಎಳೆಯಷ್ಟು ಇದ್ದರೆ ಹೆಚ್ಚು.

ಅಕ್ಕ: ಅಯ್ಯೋ. ನಾನು ಆಗಲೇ ಮಕ್ಕಳಿಗೆ ವಿಡಿಯೋ ತೋರಿಸಿಬಿಟ್ಟೆ. ಕುಣಿಯುತ್ತಿವೆ.

ಭಾವ: ಹಾಗಾದರೆ ಅತಿರಪ್ಪಿಳ್ಳಿಗೆ ಹೋಗೋಣ. ಕೇರಳದಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ. ಆಫೀಸಿನವರು ಹೋಗಿ ಬಂದಿದ್ದಾರೆ.

ನಾನು: ಇರುತ್ತದೆ ಭಾವ, ಆದರೆ ಅಲ್ಲೂ ಮೇಲಿನ ಪವರ್ ಹೌಸಿನದೇ ಲೆಕ್ಕ. ಪೊರಿಂಗಲ್‌ಕುತ್ತಿನಲ್ಲಿ ಯಂತ್ರ ಓಡಿದಾಗ ಚಾಲಕ್ಕುಡಿ ಹೊಳೆಯಲ್ಲಿ ನೀರು ಜಾಸ್ತಿ, ನಿಂತಾಗ ಕಮ್ಮಿ. ಬೆಂಗಳೂರಿಂದ ಹತ್ತಿರ ಹತ್ತಿರ 500 ಕಿ.ಮೀ. ಕೊಯಮತ್ತೂರು, ಪಾಲಕ್ಕಾಡ್ ಕಡೆ ಮೇ ತಿಂಗಳ ಸೆಖೆಯಲ್ಲಿ ಮೂರು ವರ್ಷದ ಮಗುವನ್ನು ಅಷ್ಟು ದೂರ ಕೂರಿಸಿಕೊಂಡು ಹೋಗುವುದು ನನ್ನಿಂದ ಆಗುವುದಿಲ್ಲ.

ಅಕ್ಕ: ಶಿವನಸಮುದ್ರ? ಎಲ್ಲರಿಗೂ ಹತ್ತಿರ. ಬೆಳಗ್ಗೆ ಹೋಗಿ ಸಂಜೆ ಮನೆ.

ನಾನು: ಹತ್ತಿರ ಹೌದು. ಆದರೆ ಅಲ್ಲೂ ಕೆಆರ್‌ಎಸ್‌ನಿಂದ ಎಷ್ಟು ಬಿಡುತ್ತಾರೋ ಅಷ್ಟೇ. ಬಂದ ನೀರಿಗೂ ಪಾಲುದಾರರು ಇದ್ದಾರೆ. ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಡಲು 1902ರಲ್ಲಿ ಶುರುವಾದ ಪವರ್ ಹೌಸ್ ಇದೆ. ನಮ್ಮ ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿಯನ್ನೂ ಅಲ್ಲೇ ಎತ್ತುವುದು. ಉಳಿದದ್ದು ಗಗನಚುಕ್ಕಿ, ಭರಚುಕ್ಕಿಗೆ. ಬೇಸಿಗೆಯಲ್ಲಿ ಬರೀ ಬಂಡೆ ನೋಡಿಕೊಂಡು ಬರಬೇಕಾಗಬಹುದು. ಇನ್ನೊಂದು ಮಾತು, ಭರಚುಕ್ಕಿಯಲ್ಲಿ ನೀರು ಕಮ್ಮಿ ಅಂತ ಇಳಿದವರೇ ಮುಳುಗುವುದು. ಮೇಲೆ ಮೊಣಕಾಲುದ್ದ ಕಾಣುತ್ತದೆ, ಒಂದು ಹೆಜ್ಜೆ ಆಚೆ ಗುಂಡಿ. ಬಂಡೆಯೆಲ್ಲ ಪಾಚಿ.

ಅಣ್ಣ: ನೀನು ಎಲ್ಲದಕ್ಕೂ ಬೇಡ ಅಂದರೆ ಹೇಗೆ? ಮಕ್ಕಳು ಮನೆಯಲ್ಲಿ ಫೋನ್ ಹಿಡಿದು ಕೂತಿರಲಿ ಅಂತಲಾ? ನಾವು ಚಿಕ್ಕವರಿದ್ದಾಗ ಒಂದು ಅಂಬಾಸಿಡರ್‌ನಲ್ಲಿ ಅಷ್ಟೂ ಜನ ತುಂಬಿಕೊಂಡು ಧರ್ಮಸ್ಥಳ, ಶೃಂಗೇರಿ ಎಲ್ಲ ಸುತ್ತಲಿಲ್ಲವಾ? ಯಾರಿಗೆ ಏನಾಯಿತು?

ನಾನು: ಏನೂ ಆಗಲಿಲ್ಲ ಅನ್ನುವುದು ದೇವರ ದಯೆ ಅಣ್ಣ. ಆಗ ರಸ್ತೆಯಲ್ಲಿ ಈ ವೇಗ ಇರಲಿಲ್ಲ. ಈಗ ತುಮಕೂರು ದಾಟುವಾಗ ಲಾರಿಗಳು ಹೇಗೆ ನುಗ್ಗುತ್ತವೆ ಅಂತ ನಿನಗೇ ಗೊತ್ತು. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಏರ್‌ಬ್ಯಾಗ್ ತೆರೆದುಕೊಂಡರೆ ಮೊದಲ ಹೊಡೆತ ಮಗುವಿಗೇ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 14 ವರ್ಷದ ಒಳಗಿನ ಮಕ್ಕಳಿಗೆ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಬೇಕೇ ಬೇಕು ಅಂತ ಇದೆ. ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡ ಹಾಳಾಗಲಿ, ನನಗೆ ಮಗು ಮುಖ್ಯ.

ಅತ್ತಿಗೆ: ಅವಳು ಹೇಳುವುದು ಸರಿ ಇದೆ ಕಣ್ರೀ. ಬೆಳಗ್ಗೆ 4ಕ್ಕೆ ಎಬ್ಬಿಸಿದರೆ ನಮ್ಮ ಸಣ್ಣವನು ತುಮಕೂರಿಗೇ ವಾಂತಿ ಮಾಡುತ್ತಾನೆ. ಆಮೇಲೆ ದಿನವಿಡೀ ಅಳು. ನೀವು ಸ್ಟಿಯರಿಂಗ್ ಹಿಡಿದಿರುತ್ತೀರಿ, ಹಿಂದೆ ಒದ್ದೆ ಬಟ್ಟೆ ಬದಲಾಯಿಸುವವಳು ನಾನು.

ಅಣ್ಣ: ಆಯ್ತು ಮಾರಾಯ್ತಿ.

ನಾನು: ಜೋಗ ನನಗೆ ಪ್ರಾಣ. ಬೇಡ ಅನ್ನುತ್ತಿಲ್ಲ. ಆದರೆ ಅದು 830 ಅಡಿಯ ಜಲಪಾತ. ಈಚೆ ದಡದ ಕಂಬಿ ಹಿಡಿದು ದೂರದಿಂದ ನೋಡುವಂಥದ್ದು. ಕೆಳಗೆ ಇಳಿಯುವ ಮೆಟ್ಟಿಲು ಸಾವಿರಕ್ಕೂ ಜಾಸ್ತಿ, ಮಕ್ಕಳ ಕೈಲಿ ಆಗುವುದಲ್ಲ. ದೊಡ್ಡವರಿಗೆ ನೋಡಿದರೆ ಸಾಕು. ಮೂರು, ಐದು ವರ್ಷದವರಿಗೆ ನೀರು ಮುಟ್ಟಬೇಕು, ಅದರಲ್ಲಿ ಕಾಲು ಬಡಿಯಬೇಕು. ಬಿಸಿಲಲ್ಲಿ ಕಂಬಿ ಪಕ್ಕ ಎತ್ತಿ ಹಿಡಿದು 'ನೋಡು ನೋಡು' ಅಂದರೆ ಐದು ನಿಮಿಷಕ್ಕೆ ಐಸ್‌ಕ್ರೀಮ್ ಕೇಳುತ್ತವೆ. ಜೋಗವನ್ನು ಮಳೆಗಾಲದಲ್ಲೇ ತೋರಿಸೋಣ. ಆ ಸದ್ದು ಕಿವಿಗೆ ಬಿದ್ದರೆ, ಮುಖದ ಮೇಲೆ ತುಂತುರು ಬಿದ್ದರೆ ಚಿಕ್ಕವರಿಗೂ ನೆನಪಿರುತ್ತದೆ.

ದೊಡ್ಡಪ್ಪ: ಮಳೆಗಾಲದಲ್ಲಿ ಸ್ಕೂಲು. ಯಾರೂ ಬರುವುದಿಲ್ಲ. ಪ್ರತಿ ವರ್ಷ ಹೀಗೇ ಮಾತಾಡಿ ಮಾತಾಡಿ ಬಿಟ್ಟುಬಿಡುತ್ತೇವೆ. ನನಗೂ ವಯಸ್ಸಾಯಿತು. ಎಲ್ಲರೂ ಒಟ್ಟಿಗೆ ಹೋಗಬೇಕು ಅನ್ನುವುದಷ್ಟೇ ನನ್ನ ಆಸೆ. ನೀರು ಕಮ್ಮಿ ಇದ್ದರೆ ಇರಲಿ.

ದೊಡ್ಡಮ್ಮ: ತಡೀರಿ. ಅತ್ತೆಗೆ ಎಲ್ಲ ಓದಿ ಹೇಳಿದೆ. ಅವರು ಏನೋ ಹೇಳಬೇಕಂತೆ.

ದೊಡ್ಡಮ್ಮ: [ಧ್ವನಿ ಸಂದೇಶ]

ದೊಡ್ಡಮ್ಮ: ಕೇಳಿಸದವರಿಗೆ ಬರೆಯುತ್ತೇನೆ. ಅತ್ತೆ ಹೇಳಿದ್ದು: "ನನಗೆ ಮದುವೆಯಾದ ಹೊಸತರಲ್ಲೇ ತವರು ಮನೆ ಮುಳುಗಿದ್ದು. ಮಡೆನೂರು ಕಡೆ. ಅಪ್ಪ ಬಾಗಿಲು, ಕಂಬ, ಹೆಂಚು ಎಲ್ಲ ಬಿಚ್ಚಿ ಗಾಡಿಗೆ ಹೇರಿದರು. ಫಸಲು ಬಿಟ್ಟ ಅಡಿಕೆ ಮರ ಹಾಗೇ ಬಿಟ್ಟು ಬಂದರು. ನನಗೆ ಜೋಗ ಬೇಡ. ನೀರು ಇಳಿದಿದ್ದರೆ ಆ ಕಡೆ ಒಂದು ಸಲ ಕರೆದುಕೊಂಡು ಹೋಗಿ. ಮಳೆಗಾಲದಲ್ಲಿ ಹೋದರೆ ಬರೀ ನೀರು ಕಾಣುತ್ತದೆ."

ಅಕ್ಕ: ಅಜ್ಜಿ ಇದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ಚಿಕ್ಕಪ್ಪ ಸಾಗರ: ಅಮ್ಮ ಹೇಳುವುದು ಸರಿ. ಅಲ್ಲಿ ಹಳೇ ಅಣೆಕಟ್ಟು ಒಂದಿದೆ, ಹಿರೇಭಾಸ್ಕರ. ಜೋಗದ ಮೊದಲನೇ ವಿದ್ಯುತ್ ಕೇಂದ್ರಕ್ಕೆ ನೀರು ಹಿಡಿಯಲು ಕಟ್ಟಿದ್ದು. ಆ ಕೇಂದ್ರ ಶುರುವಾಗಿದ್ದು 1948ರಲ್ಲಿ. ಆಮೇಲೆ ಲಿಂಗನಮಕ್ಕಿ ಬಂತು, ಆ ಅಣೆಕಟ್ಟೇ ಮುಳುಗಿಹೋಯಿತು. ಹಿನ್ನೀರು ತುಂಬಾ ಇಳಿದ ಬೇಸಿಗೆಯಲ್ಲಿ ಮಾತ್ರ ಮೇಲೆ ಬರುತ್ತದೆ. ಈ ಸಲ ಎಷ್ಟು ಕಾಣುತ್ತದೆ, ಬಿಡುತ್ತಾರಾ ಅಂತ ಅರಣ್ಯ ಇಲಾಖೆಯವರನ್ನು ವಿಚಾರಿಸುತ್ತೇನೆ.

ನಾನು: ಹಾಗಾದರೆ ಮೇ ತಿಂಗಳೇ ಹೋಗೋಣ. ಅಜ್ಜಿಗೋಸ್ಕರ. ಮಕ್ಕಳೂ ಬರಲಿ, ಮುತ್ತಜ್ಜಿಯ ಊರು ಎಲ್ಲಿತ್ತು ಅಂತ ಅವುಗಳಿಗೂ ಗೊತ್ತಾಗಬೇಕು. ನಾವು ಸ್ವಿಚ್ ಹಾಕಿದಾಗ ಬರುವ ಕರೆಂಟಿಗೆ ಯಾರ ಗದ್ದೆ ಹೋಯಿತು ಅಂತ ದೊಡ್ಡ ಮಕ್ಕಳಿಗಾದರೂ ಹೇಳಬಹುದು.

ದೊಡ್ಡಪ್ಪ: ನಾನೂ ಮೇ ಅಂತಲೇ ಅಲ್ವಾ ಹೇಳಿದ್ದು!

ನಾನು: ಹೌದು ದೊಡ್ಡಪ್ಪ. ಆದರೆ ಕಾರಿನಲ್ಲಿ 400 ಕಿ.ಮೀ. ಬೇಡ, ಅಜ್ಜಿಗೂ ಬೇಡ, ಮಕ್ಕಳಿಗೂ ಬೇಡ. ರಾತ್ರಿ ತಾಳಗುಪ್ಪ ರೈಲಿಗೆ ಹತ್ತಿಸಿದರೆ ಮಕ್ಕಳು ಮಲಗಿಬಿಡುತ್ತವೆ. ಬೆಳಗ್ಗೆ ಸಾಗರದಲ್ಲಿ ಇಳಿಯುವುದು. ಅಕ್ಕ, ಅದೇ ರೈಲು ಮೈಸೂರಿಂದ ಹೊರಡುವುದು, ನೀವು ಅಲ್ಲೇ ಹತ್ತಿ. ಅಣ್ಣ ಬೇಕಿದ್ದರೆ ಸಾಮಾನು ಹಾಕಿಕೊಂಡು ಕಾರು ತರಲಿ. ಅಲ್ಲಿ ಓಡಾಡಲು ಅನುಕೂಲ.

ಅಣ್ಣ: ತರುತ್ತೇನೆ. ಮಕ್ಕಳ ಸೀಟು ಎರಡೂ ಹಾಕಿಕೊಂಡೇ ಬರುತ್ತೇನೆ, ಸಮಾಧಾನವಾ?

ನಾನು: ಸಮಾಧಾನ ❤️

ಚಿಕ್ಕಪ್ಪ ಸಾಗರ: ಒಂದು ಎಚ್ಚರಿಕೆ. ಹಿನ್ನೀರಿನ ದಡದಲ್ಲಿ ಕೆಸರು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ. ಗಟ್ಟಿ ಅಂತ ಕಾಲಿಟ್ಟರೆ ಮೊಣಕಾಲ ತನಕ ಹೂತುಕೊಳ್ಳುತ್ತದೆ. ಮಕ್ಕಳ ಕೈ ಬಿಡುವ ಹಾಗೇ ಇಲ್ಲ. ಬೆಳಗ್ಗೆ ಬೇಗ ಹೋಗಿ ಬಿಸಿಲು ಏರುವ ಮೊದಲು ವಾಪಸ್ ಬರೋಣ. ಅಮ್ಮನಿಗೆ ಒಂದು ಮಡಚುವ ಕುರ್ಚಿ ತನ್ನಿ.

ಅಕ್ಕ: ನಮ್ಮ ಮಕ್ಕಳು ಆಗಲೇ ನೀರು ನೀರು ಅಂತ ಜಪ ಮಾಡುತ್ತಿವೆ, ಅವಕ್ಕೆ ಏನು ಹೇಳಲಿ?

ಚಿಕ್ಕಪ್ಪ ಸಾಗರ: ನಮ್ಮ ಹಿತ್ತಲಿನ ಅಬ್ಬಿ ನೀರು ಇದೆಯಲ್ಲ. ಗುಡ್ಡದಿಂದ ಪೈಪಿನಲ್ಲಿ ಬಂದು ಕಲ್ಲಿನ ಮೇಲೆ ಬೀಳುತ್ತದೆ, ಬೇಸಿಗೆಯಲ್ಲೂ ನಿಂತಿಲ್ಲ. ಮಕ್ಕಳ ತಲೆ ಎತ್ತರದಿಂದ ಬೀಳುವುದು. ಬೆಳಗ್ಗಿಂದ ಸಂಜೆ ತನಕ ನಿಲ್ಲಲಿ, ಯಾರು ಬೇಡ ಅನ್ನುತ್ತಾರೆ.

ಅತ್ತಿಗೆ: ಅಷ್ಟು ಸಿಕ್ಕರೆ ನನ್ನ ಮಗ ಅಲ್ಲಿಂದ ಬರುವುದೇ ಇಲ್ಲ.

ಭಾವ: ಜೋಗ ಹಾಗಾದರೆ ಯಾವಾಗ? ಆಗಸ್ಟ್ 15ಕ್ಕೆ?

ಚಿಕ್ಕಪ್ಪ ಸಾಗರ: ಅಯ್ಯೋ, ಆಗಸ್ಟ್ 15 ಮಾತ್ರ ಬೇಡ. ರಸ್ತೆ ತುಂಬ ಕಾರು, ಗಂಟೆಗಟ್ಟಲೆ ಕಾಯಬೇಕು. ವಾರದ ಮಧ್ಯೆ ಯಾವ ದಿನವಾದರೂ ಬನ್ನಿ. ಮಟ್ಟ 1810 ದಾಟಿದ ದಿನ ಗುಂಪಿಗೆ ಹಾಕುತ್ತೇನೆ. ಮಕ್ಕಳಿಗೆ ಎರಡು ದಿನ ರಜೆ ಹಾಕಿಸಿ, ಏನೂ ಮುಳುಗುವುದಿಲ್ಲ. ಆದರೆ ಮಂಜು ಬಂದರೆ ಏನೂ ಕಾಣುವುದಿಲ್ಲ. ಅರ್ಧ ಗಂಟೆ ಕಾಯುವ ತಾಳ್ಮೆ ಇಟ್ಟುಕೊಂಡು ಬನ್ನಿ.

ನಾನು: ನಾನಂತೂ ರಜೆ ಹಾಕಿಸುತ್ತೇನೆ. ಮತ್ತೆ ದೊಡ್ಡಪ್ಪ, ದಯವಿಟ್ಟು ಆ ವಿಡಿಯೋ ಬೇರೆ ಗುಂಪಿಗೆ ಹಾಕಿದ್ದರೆ ಇದು ಮಳೆಗಾಲದ್ದು ಅಂತ ಕೆಳಗೆ ಬರೆದುಬಿಡಿ. ಯಾರೋ ಪಾಪ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ದುಡ್ಡು ಖರ್ಚು ಮಾಡಿ ಹೋಗಿಬಿಡುತ್ತಾರೆ.

ದೊಡ್ಡಪ್ಪ: ಬರೆಯುತ್ತೇನೆ. ರೈಲು ಟಿಕೆಟ್ ನಾನೇ ಮಾಡಿಸುತ್ತೇನೆ. 60 ದಿನ ಮೊದಲೇ ತೆರೆದಿರುತ್ತದೆ, ಈಗಲೇ ವೇಟಿಂಗ್ ಇರಬಹುದು. ಅಮ್ಮನಿಗೆ ಕೆಳಗಿನ ಬರ್ತ್ ಕೇಳುತ್ತೇನೆ. ಎಲ್ಲರೂ ಹೆಸರು, ವಯಸ್ಸು ಕಳಿಸಿ. ಮಕ್ಕಳದ್ದೂ.

ಅಣ್ಣ: ನಾಳೆ ತನಕ ಟೈಮ್ ಕೊಡಿ, ಆಫೀಸಲ್ಲಿ ಕೇಳಬೇಕು.

ದೊಡ್ಡಪ್ಪ: ಇವತ್ತು ರಾತ್ರಿ 9ರ ಒಳಗೆ.